ರಕ್ತ ಜಾಸ್ತಿ

ರಕ್ತ ಕಡಿಮೆ ಇದೆಯೆಂದು ಶಿಬಿರದಿಂದ ವಾಪಸು ಬಂದವರನ್ನು ಅಕ್ಕೂರಿನ ನಾಗರಾಜು ಬೇಕಾದಷ್ಟು ಕಂಡಿದ್ದ. ಜಾಸ್ತಿ ಇದೆಯೆಂದು ಕಳಿಸಿದ್ದನ್ನು ಕಂಡದ್ದು ಅದೇ ಮೊದಲು. ಅದೂ ತನ್ನ ಸ್ವಂತ ಮಗನನ್ನು.

ಕೆಂಗಲ್ ಗುಡಿಯ ಹತ್ತಿರದ ಛತ್ರದಲ್ಲಿ ಯಾವುದೋ ಯುವಕ ಸಂಘದವರು ರಕ್ತದಾನ ಶಿಬಿರ ಇಟ್ಟಿದ್ದರು. ನಾಗರಾಜುವಿಗೆ ಇಂಥ ಶಿಬಿರ ಅಂದರೆ ಹಬ್ಬ. ರಕ್ತ ಕೊಟ್ಟು, ಬಿಸ್ಕತ್ತು ತಿಂದು, ತೋಳಿಗೆ ಅಂಟಿಸಿದ ಹತ್ತಿಯನ್ನು ಕೀಳದೆ ಸಂಜೆಯವರೆಗೂ ಊರೆಲ್ಲ ತಿರುಗುವುದು ಅವನ ಪದ್ಧತಿ. ಈ ಸಲ ಮಗ ಅಶ್ವಥನನ್ನೂ ಎಳೆದುಕೊಂಡು ಬಂದಿದ್ದ. ಅಶ್ವಥ ಚನ್ನಪಟ್ಟಣದ ಒಂದು ಜಿಮ್ಮಿನಲ್ಲಿ ಹುಡುಗರಿಗೆ ಕಸರತ್ತು ಹೇಳಿಕೊಡುತ್ತಿದ್ದ. ಕಾಲೇಜು ಮುಗಿಸಿದಾಗ ಒಣಗಿದ ಹಿಪ್ಪುನೇರಳೆ ಕಡ್ಡಿಯಂತಿದ್ದವನು ಈಗ ಅಂಗಿಯ ತೋಳು ಬಿರಿಯುವಂತೆ ಮೈ ತುಂಬಿಕೊಂಡಿದ್ದ. ಮುಖವಂತೂ ಕೆಂಡ. ಜನ ತಿರುಗಿ ತಿರುಗಿ ನೋಡುತ್ತಿದ್ದರು, ನಾಗರಾಜು ಜನ ನೋಡುವುದನ್ನು ನೋಡುತ್ತಿದ್ದ.

ಮೇಜಿನ ಹಿಂದೆ ಕೂತಿದ್ದ ಡಾಕ್ಟರ್ ಸ್ಪಂದನಾ ಎಳೇ ವಯಸ್ಸಿನವಳು. ಅಶ್ವಥನ ಬೆರಳು ಚುಚ್ಚಿ ಯಂತ್ರಕ್ಕೆ ಹನಿ ಹಾಕಿದಳು. ಅಂಕಿ ನೋಡಿದಳು. ಯಂತ್ರ ಕೆಟ್ಟಿರಬೇಕೆಂದು ಇನ್ನೊಂದನ್ನು ತರಿಸಿ ಮತ್ತೆ ಚುಚ್ಚಿದಳು. ಬಿ.ಪಿ. ನೋಡಿದಳು.

"ಇವರಿಂದ ತಗೊಳ್ಳಕ್ಕಾಗಲ್ಲ," ಅಂದಳು. "ಹಿಮೋಗ್ಲೋಬಿನ್ ಇಪ್ಪತ್ತೊಂದು ದಾಟಿದೆ. ಗಂಡಸರಿಗೆ ಹದಿನೈದು, ಹದಿನಾರು ಇರಬೇಕು. ರಕ್ತ ಜಾಸ್ತಿ ಇದೆ, ಗಟ್ಟಿ ಆಗಿದೆ. ಬಿ.ಪಿ.ನೂ ಏರಿದೆ." ಆಮೇಲೆ ದನಿ ತಗ್ಗಿಸಿ, "ಜಿಮ್ಮಿಗೆ ಹೋಗ್ತೀರಾ? ಇಂಜೆಕ್ಷನ್ ಏನಾದ್ರೂ ತಗೋತೀರಾ?" ಎಂದು ಅಶ್ವಥನನ್ನು ಕೇಳಿದಳು.

"ಇಲ್ಲ ಮೇಡಂ," ಅಂದ ಅಶ್ವಥ, ಗೋಡೆ ನೋಡಿಕೊಂಡು.

ಅಷ್ಟು ಹೊತ್ತಿಗೆ ನಾಗರಾಜುವಿನ ನೆತ್ತಿಗೆ ಏರಿತ್ತು. "ಏನಮ್ಮ, ಜಾಸ್ತಿ ಇರೋರತ್ರ ತಾನೇ ತಕಬೇಕು? ಬಾವೀಲಿ ನೀರು ಜಾಸ್ತಿ ಐತೆ ಅಂತ ಸೇದದೆ ಓಗ್ತಾರಾ? ಆ ನರಪೇತಲನ ರಕ್ತ ಆಯ್ತದೆ, ನನ್ ಮಗನ್ದು ಬ್ಯಾಡ್ವಾ?"

ಪಕ್ಕದ ಮಂಚದಲ್ಲಿ ಮಲಗಿದ್ದ ನರಪೇತಲ ಕತ್ತೆತ್ತಿ ನೋಡಿದ.

"ಯಜಮಾನ್ರೇ, ಇದು ಒಳ್ಳೇದಲ್ಲ. ನಾಳೆನೇ ರಾಮನಗರದ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ನಾನಲ್ಲೇ ಇರ್ತೀನಿ."

"ಬತ್ತೀವಿ, ಬತ್ತೀವಿ," ಎಂದು ನಾಗರಾಜು ಮಗನ ರಟ್ಟೆ ಹಿಡಿದು ಹೊರಗೆ ಬಂದ. ತಾನೂ ರಕ್ತ ಕೊಡಲಿಲ್ಲ. ಮಗನದು ಬೇಡವೆಂದವರಿಗೆ ಅಪ್ಪನದು ಯಾಕೆ?

ಸಿಟ್ಟು ಕೆಂಗಲ್ ದಾಟುವವರೆಗೆ ಇತ್ತು. ಚನ್ನಪಟ್ಟಣ ಬರುವಷ್ಟರಲ್ಲಿ ಅದು ಜಂಬವಾಗಿ ತಿರುಗಿತು. ನಮ್ಮ ಕಡೆ ಕಾಯಿಲೆ ಅಂದರೆ ರಕ್ತ ಕಮ್ಮಿ. ಬಸುರಿಗೆ ಕಮ್ಮಿ, ಬಾಣಂತಿಗೆ ಕಮ್ಮಿ, ಸ್ಕೂಲ್ ಮಕ್ಕಳಿಗೆ ಕಮ್ಮಿ. ಆಶಾ ಕಾರ್ಯಕರ್ತೆ ಮನೆ ಮನೆಗೆ ಕೆಂಪು ಮಾತ್ರೆ ಹಂಚುವುದು ಅದಕ್ಕೇ. ಅಂಥ ಸೀಮೆಯಲ್ಲಿ ಒಬ್ಬನಿಗೆ ರಕ್ತ ಜಾಸ್ತಿ ಅಂದರೆ ಅದು ಬೈಗುಳ ಹೇಗಾದೀತು?

ಅಕ್ಕೂರಿನ ಟೀ ಅಂಗಡಿಯಲ್ಲಿ ನಾಗರಾಜು ಅಂದೇ ಹೇಳಿದ. ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲೂ ಹೇಳಿದ. ಅಲ್ಲಿ ಅವನ ಗೂಡು ಕೊಂಡು ನೂಲು ತೆಗೆಸುವ ರೀಲರ್ ಮುಕ್ತಿಯಾರ್ ಹಳೇ ಗೆಳೆಯ.

"ಯಾ ಅಲ್ಲಾ! ಜಾಸ್ತಿ ಅಂತ ವಾಪಸ್ಸಾ?" ಮುಕ್ತಿಯಾರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾಗರಾಜಣ್ಣ, ನಿಮ್ಮ ಮಗನಿಗೆ ಒಂದು ನಲ್ಲಿ ಹಾಕ್ಸಿಬಿಡಿ, ಜಿಲ್ಲೆಗೆಲ್ಲಾ ಸಪ್ಲೈ ಮಾಡೋಣ." ನಕ್ಕು ಮುಗಿದ ಮೇಲೆ ಕೇಳಿದ: "ಡಾಕ್ಟ್ರು ಬಾ ಅಂದ್ರಂತಲ್ಲ. ಹೋದ್ರಾ?"

"ಹುಳ ನಾಕನೇ ಜ್ವರ ಎದ್ದವೆ ಮಾರಾಯ. ಸೊಪ್ಪು ಕುಯ್ಯೋರು ಯಾರು?"

ಜ್ವರ ಏಳುವುದು ಅಂದರೆ ಹುಳ ಪೊರೆ ಬಿಟ್ಟು ಹಸಿವಿನಿಂದ ಏಳುವುದು. ಆಮೇಲೆ ಅವು ತಿನ್ನುವ ವೇಗಕ್ಕೆ ಮನೆಯವರಿಗೆ ಉಸಿರಾಡಲು ಪುರುಸೊತ್ತಿಲ್ಲ. ನೆಪ ನಿಜವೇ. ಆದರೂ ಅದು ನೆಪವೇ.

ಮನೆಯಲ್ಲಿ ಹೆಂಡತಿ ರಾಧಾಮಣಿ, ಇರುವ ರಕ್ತ ಇಳಿಯದಿರಲಿ ಎಂದು ಮಗನಿಗೆ ಮೊದಲಿಗಿಂತ ಹೆಚ್ಚು ಬಡಿಸತೊಡಗಿದಳು. ಕುರಿಯ ಈಲಿ, ಬೀಟ್‌ರೂಟ್, ಖರ್ಜೂರ, ಮುದ್ದೆಯ ಜೊತೆ ನುಗ್ಗೆಸೊಪ್ಪಿನ ಸಾರು. ಮೆಡಿಕಲ್ ಸ್ಟೋರಿನಿಂದ ಕಬ್ಬಿಣಾಂಶದ ಟಾನಿಕ್ಕೂ ಬಂತು. ನಾಗರಾಜುವಿನ ತಾಯಿ ಕೆಂಚಮ್ಮ ಮೊಮ್ಮಗನ ಕೆಂಪು ಮುಖ ಸವರಿ ಲಟಿಕೆ ಮುರಿದಳು. "ಊರ್ ಕಣ್ಣೆಲ್ಲಾ ನಮ್ ಮಗೀನ್ ಮ್ಯಾಲೆ. ಅದ್ಕೇ ತಲೆನೋವು ಅಂತದೆ," ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ತಲೆನೋವು ಹೋಗಲಿಲ್ಲ. ಅಶ್ವಥ ಹಣೆಗೆ ಟವೆಲ್ ಬಿಗಿದುಕೊಂಡೇ ಓಡಾಡುತ್ತಿದ್ದ. ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಆಗುತ್ತದೆ ಅನ್ನುತ್ತಿದ್ದ. ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತವನ ಮೂಗಿನಿಂದ ರಕ್ತ ಮುದ್ದೆಯ ಮೇಲೆ ತೊಟ್ಟಿಕ್ಕಿತು. ರಾಧಾಮಣಿ ಚೀರಿದಳು. "ಉಷ್ಣ ಕಣವ್ವ, ಸುಮ್ಕಿರು," ಎಂದು ಅಶ್ವಥ ತಟ್ಟೆ ನೂಕಿ ಎದ್ದ.

ನಾಗರಾಜು ಆ ತಟ್ಟೆ ನೋಡಿದ. ಸಾರಿನ ಬಣ್ಣಕ್ಕಿಂತ ಕಪ್ಪಗಿತ್ತು ಆ ರಕ್ತ. ಅಂದಿನಿಂದ ಅವನಿಗೂ ನೆಮ್ಮದಿ ಕೆಟ್ಟಿತು. ಸೊಪ್ಪು ಕುಯ್ಯುತ್ತಿದ್ದವನು ಕುಡುಗೋಲು ಬಿಟ್ಟು ಸುಮ್ಮನೆ ನಿಲ್ಲುವನು. ಆ ಹುಡುಗಿ ಇಂಜೆಕ್ಷನ್ ಅಂತ ಯಾಕೆ ಕೇಳಿದಳು? ಗೋಡೆ ನೋಡಿಕೊಂಡು ಇವನು ಯಾಕೆ ಇಲ್ಲ ಅಂದ? ಕೇಳಿಬಿಡೋಣ ಅನ್ನಿಸುವುದು. ಕೇಳಿದರೆ ಟೀ ಅಂಗಡಿಯಲ್ಲಿ ಆಡಿದ ಮಾತು ಎಲ್ಲಿ ಹೋಗುತ್ತದೆ? ಜಿಲ್ಲಾ ಮಟ್ಟದ ದೇಹದಾರ್ಢ್ಯ ಸ್ಪರ್ಧೆ ಬರುವ ಭಾನುವಾರ ರಾಮನಗರದಲ್ಲಿತ್ತು. ಅದೊಂದು ಮುಗಿಯಲಿ ಎಂದು ಮನಸ್ಸಿಗೆ ಸುಳ್ಳು ಹೇಳಿಕೊಂಡ.

ಹುಳ ಹಣ್ಣಾಗುವ ಕಾಲ ಬಂತು. ಹಣ್ಣಾಗುವುದೆಂದರೆ ಸೊಪ್ಪು ಬಿಟ್ಟು, ಮೈ ಹೊಳಪಾಗಿ, ಗೂಡು ಕಟ್ಟಲು ತಲೆ ಎತ್ತಿ ಆಡಿಸುವುದು. ಎಲ್ಲವೂ ಒಟ್ಟಿಗೆ ಹಣ್ಣಾದರೆ ಅವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡುವ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಅದಕ್ಕೊಂದು ಔಷಧಿ ಉಂಟು. ಸಣ್ಣ ಗಾಜಿನ ಸೀಸೆಯಲ್ಲಿ ಬರುತ್ತದೆ, ನೀರಿಗೆ ಬೆರೆಸಿ ಸೊಪ್ಪಿನ ಮೇಲೆ ಚಿಮುಕಿಸಬೇಕು. ನಾಗರಾಜು ಹುಳುಮನೆಯ ಮೂಲೆಯಲ್ಲಿದ್ದ ಔಷಧಿ ಡಬ್ಬಿಗೆ ಕೈ ಹಾಕಿದ. ಬ್ಲೀಚಿಂಗ್ ಪುಡಿಯ ಪೊಟ್ಟಣದ ಕೆಳಗೆ ಸಣ್ಣ ಸೀಸೆಗಳು ಸಿಕ್ಕವು. ಒಳಗೆ ಹಳದಿ ದ್ರವ. ಚೀಟಿಯೆಲ್ಲ ಇಂಗ್ಲಿಷು. ಈ ಸಲದ್ದು ಬೇರೆ ಬಣ್ಣ ಐತಲ್ಲ ಅಂದುಕೊಂಡು ಮಗನಿಗೆ ಫೋನು ಮಾಡಿದ.

"ಲೋ ಅಶ್ವಥ, ಹುಳದ ಔಷಧಿ ಹೊಸಾದು ತಂದಿಟ್ಟಿದ್ದೀಯಲ್ಲ, ಹಳದಿದು. ಬಿಂದಿಗೆಗೆ ಎಷ್ಟ್ಲಾ ಹಾಕ್ಬೇಕು?"

ಆ ಕಡೆ ಏನೋ ಭಾರದ್ದು ನೆಲಕ್ಕೆ ಬಿದ್ದ ಸದ್ದು. ಆಮೇಲೆ, "ಅಪ್ಪ, ಮುಟ್ಬೇಡ. ಬತ್ತಾ ಇವ್ನಿ. ಹಾಕ್ಬೇಡ ಕಣಪ್ಪ."

"ನೀ ಬರೋಗಂಟ ಉಳ ಕಾಯ್ತವಾ?" ಎಂದು ನಾಗರಾಜು ಫೋನು ಇಟ್ಟ. ಬಾ ಅಂದರೆ ಬರುವ, ಬೇಡ ಅಂದರೆ ಬಿಡುವ ಜಾತಿಯವನಲ್ಲ ಅವನು. ಆದರೂ ಒಂದಿಷ್ಟು ಕಾದ. ಹಣ್ಣಾದ ಹುಳಗಳು ತಟ್ಟೆಯ ಅಂಚಿಗೆ ಹತ್ತತೊಡಗಿದವು. ತಾಳ್ಮೆ ಕೆಟ್ಟು ಒಂದು ಸೀಸೆ ಒಡೆದು ಬಕೆಟ್ಟಿಗೆ ಸುರಿದ. ಅದು ನೀರಿಗೆ ಬೆರೆಯಲಿಲ್ಲ. ಎಣ್ಣೆ. ತೇಲಿ ಹರಡಿಕೊಂಡಿತು. ಕೋಲು ಹಾಕಿ ಕಲಕಿದ, ಆಗಲೂ ಬೆರೆಯಲಿಲ್ಲ. ಇರಲಿ ಎಂದು ಚಿಮುಕಿಸಲು ಸೊಪ್ಪಿನ ಗೊಂಚಲು ಅದ್ದಿದ.

ಹುಳುಮನೆಗೆ ಕಾಲು ತೊಳೆಯದೆ ಯಾರೂ ಬರುವಂತಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತೊಟ್ಟಿ ಇಟ್ಟಿರುತ್ತಾರೆ; ಬಂದ ಅತಿಥಿಯೂ ಅದನ್ನು ತುಳಿದೇ ಬರಬೇಕು. ಅಶ್ವಥ ಜಿಮ್ಮಿನ ಬೂಟು ಹಾಕಿಕೊಂಡೇ ತೊಟ್ಟಿ ಹಾರಿ ಒಳಗೆ ನುಗ್ಗಿದ.

"ಬೂಟು! ಬೂಟ್ ಕಣ್ಲಾ ಬಡ್ಡೈದ್ನೆ, ರೋಗ ತತ್ತೀಯಾ ಉಳಕ್ಕೆ!" ನಾಗರಾಜು ಕಿರುಚುತ್ತಿರುವಾಗಲೇ ಅಶ್ವಥ ಬಕೆಟ್ಟನ್ನು ಒದ್ದ. ಎಣ್ಣೆನೀರು ನೆಲಕ್ಕೆ ಹರಿಯಿತು.

"ಅದು ಉಳಕ್ಕಲ್ಲ ಅಪ್ಪ! ಎಣ್ಣೆ ಅದು, ಉಳದ್ ಮೈಗೆ ತಾಗಿದ್ರೆ ಉಸ್ರುಕಟ್ಟಿ ಸಾಯ್ತವೆ. ಅದು ನಂದು."

"ನಿಂದು ಅಂದ್ರೆ?"

ಅಶ್ವಥ ತಟ್ಟೆಗಳ ನಡುವೆ ನಿಂತು ಏದುಸಿರು ಬಿಡುತ್ತಿದ್ದ. ಮುಖ ಕೆಂಪು ದಾಟಿ ನೀಲಿಗೆ ಹತ್ತಿರವಾಗಿತ್ತು. "ಇಂಜೆಕ್ಷನ್. ಮೈ ಬರಕ್ಕೆ. ಸ್ಟಿರಾಯ್ಡು. ಜಿಮ್ಮಲ್ಲಿ ಕೊಡ್ತಾರೆ. ಇಲ್ಲಿ ಯಾರೂ ಬರಲ್ಲ ಅಂತ ಇಟ್ಟಿದ್ದೆ."

ನಾಗರಾಜುವಿನ ಕೈ ಹೊಡೆಯಲು ಏಳುವುದು ಹೊಸದೇನಲ್ಲ. ಎದ್ದಿತು. ಅರ್ಧದಲ್ಲೇ ನಿಂತಿತು. ಸುತ್ತ ಸಾವಿರಾರು ಹುಳ ಸೊಪ್ಪು ತಿನ್ನುವ ಸದ್ದು, ಸೋನೆ ಮಳೆಯ ಹಾಗೆ.

"ಉಳ ಸಾಯ್ತವೆ ಅಂತ ಬೂಟಲ್ಲೇ ಓಡ್ ಬಂದ್ಯಲ್ಲಾ," ಅಂದ. ದನಿ ಅವನದೇ ಅಲ್ಲವೆಂಬಂತೆ ಹೊರಟಿತು. "ನೀನು? ನೀ ಸತ್ರೆ ಯಾರ್ಲಾ ಓಡ್ ಬರೋರು?"

ಅಂದೇ ಇಬ್ಬರೂ ರಾಮನಗರಕ್ಕೆ ಹೋದರು. ಹಣ್ಣಾದ ಹುಳಗಳನ್ನು ರಾಧಾಮಣಿ, ಕೆಂಚಮ್ಮ, ಪಕ್ಕದ ಮನೆಯವರು ಸೇರಿ ಚಂದ್ರಿಕೆಗೆ ಬಿಟ್ಟರು.

ಸ್ಪಂದನಾ ಬೈಯಲಿಲ್ಲ. ಅದು ನಾಗರಾಜುವಿಗೆ ಇನ್ನೂ ಕಷ್ಟವಾಯಿತು. ರಕ್ತ ಪರೀಕ್ಷೆ ಮಾಡಿಸಿ, ಕೂರಿಸಿ ಹೇಳಿದಳು. "ಈ ಇಂಜೆಕ್ಷನ್ ಮೂಳೆ ಒಳಗಿನ ಮಜ್ಜೆಗೆ ಕೆಂಪು ರಕ್ತಕಣ ಮಾಡು ಮಾಡು ಅಂತ ಹೇಳ್ತಾನೇ ಇರುತ್ತೆ. ಕಣ ಜಾಸ್ತಿ ಆದ್ರೆ ರಕ್ತ ಪಾನಕದ ಥರ ಇರೋದು ಬೆಲ್ಲದ ಪಾಕದ ಥರ ಆಗುತ್ತೆ. ಹರಿಯಲ್ಲ. ಮಿದುಳಲ್ಲೋ ಹೃದಯದಲ್ಲೋ ಹೆಪ್ಪುಗಟ್ಟಿದ್ರೆ ಈ ವಯಸ್ಸಿಗೇ ಲಕ್ವಾ ಹೊಡೆಯುತ್ತೆ. ಸಾಯಬಹುದು. ಈಗ ಒಂದು ಚೀಲ ರಕ್ತ ತೆಗೀತೀವಿ. ಶನಿವಾರ ಇನ್ನೊಂದು ಚೀಲ. ಇಂಜೆಕ್ಷನ್ ಬಿಡಬೇಕು. ಬಿಟ್ಟಾಗ ಸುಸ್ತು, ಬೇಜಾರು ಎಲ್ಲಾ ಆಗುತ್ತೆ, ಅದಕ್ಕೆ ಹಾರ್ಮೋನ್ ಡಾಕ್ಟರ್ ಹತ್ರ ಕಳಿಸ್ತೀನಿ. ಮನೇಲಿ ಏನು ಕೊಡ್ತಾ ಇದ್ದೀರಿ?"

ನಾಗರಾಜು ಈಲಿಯಿಂದ ಶುರುಮಾಡಿ ಟಾನಿಕ್ಕಿನವರೆಗೆ ಹೇಳಿದ. ಸ್ಪಂದನಾ ಕಣ್ಣು ಮುಚ್ಚಿ ತೆರೆದಳು. "ಟಾನಿಕ್ ಇವತ್ತೇ ನಿಲ್ಲಿಸಿ."

"ತಾಯಿ, ಒಂದ್ ಕೆಲ್ಸ ಮಾಡಿ. ಅವನ್ ಕೆಟ್ಟ ರಕ್ತ ತಗದು ನನ್ದು ತುಂಬ್ಬುಡಿ. ನನ್ದು ಚೆನ್ನಾಗೈತೆ, ಎಷ್ಟೋ ಶಿಬಿರದಲ್ಲಿ ಕೊಟ್ಟಿವ್ನಿ."

"ಅವರಿಗೆ ಏನೂ ತುಂಬೋ ಹಾಗಿಲ್ಲ. ಬರೀ ತೆಗೆಯೋದು. ತೆಗೆದಿದ್ದನ್ನ ಯಾರಿಗೂ ಕೊಡಲ್ಲ, ಬಿಸಾಕ್ತೀವಿ."

ಬಿಸಾಕುತ್ತಾರೆ. ಮಗನ ತೋಳಿನಿಂದ ಕೊಳವೆಯಲ್ಲಿ ರಕ್ತ ನಿಧಾನವಾಗಿ ಇಳಿಯುವುದನ್ನು ನಾಗರಾಜು ನೋಡಿದ. ಎಷ್ಟೋ ಸಲ ತನ್ನದು ಹೀಗೇ ಇಳಿದದ್ದನ್ನು ಹೆಮ್ಮೆಯಿಂದ ನೋಡಿದ್ದ. ಈಗ ಕಣ್ಣು ಕಿಟಕಿಯ ಕಡೆ ಹೊರಳಿತು.

"ಭಾನುವಾರ ನಂದು ಕಾಂಪಿಟೇಷನ್ ಐತೆ ಮೇಡಂ," ಅಂದ ಅಶ್ವಥ ಮಲಗಿದಲ್ಲಿಂದ.

"ನೀರು ಬಿಡ್ತೀರಾ ಅದಕ್ಕೆ?"

ಅಶ್ವಥ ಮುಖ ಗೋಡೆಯ ಕಡೆ ಹೊರಳಿಸಿದ. ಸ್ಪಂದನಾ ನಾಗರಾಜುವಿನ ಕಡೆ ತಿರುಗಿದಳು. "ಮಾಂಸಖಂಡ ಎದ್ದು ಕಾಣಲಿ ಅಂತ ಸ್ಪರ್ಧೆಗೆ ಮುಂಚೆ ನೀರು ಕುಡಿಯೋದನ್ನೇ ನಿಲ್ಲಿಸ್ತಾರೆ. ಈ ರಕ್ತ ಇಟ್ಕೊಂಡು ಇವರು ನೀರು ಬಿಟ್ರೆ ವೇದಿಕೆ ಮೇಲೇ ಬೀಳ್ತಾರೆ. ದಿನಾ ಚೆನ್ನಾಗಿ ನೀರು ಕುಡೀಬೇಕು. ಇದನ್ನ ನೋಡ್ಕೊಳ್ಳಿ."

ಊರ ಬಾಗಿಲಲ್ಲಿ ಬಸ್ಸು ಇಳಿದು ನಡೆಯುವಾಗ ನಾಗರಾಜು, "ನಿಂಗೆ ಇದೆಲ್ಲಾ ಯಾಕ್ ಬೇಕಿತ್ಲಾ?" ಎಂದು ಗುಡುಗಿದ.

ಅಶ್ವಥ ನಿಂತ. "ಕಡ್ಡಿ ಅಂತ ಕರೀತಿದ್ದೋರು ಯಾರು? ನೆಂಟ್ರ್ ಮುಂದೆ, ಆಳ್‌ಗಳ್ ಮುಂದೆ? ಮೈ ಬಂದ್‌ಮ್ಯಾಲೆ ತಾನೇ ನೀನು ನನ್ನ ಮಾರ್ಕೆಟ್ಟಿಗೆ ಜೊತೇಲಿ ಕರ್ಕಂಡ್ ಹೋಗಿದ್ದು. ಅದೊಂದ್ ಸ್ಟೇಜು ಹತ್ತೇ ಹತ್ತೀನಿ. ಆಮೇಲೆ ಏನ್ ಬೇಕಾದ್ರೂ ಬುಡ್ತೀನಿ."

ನಾಗರಾಜು ರಟ್ಟೆಗೆ ಕೈ ಹಾಕಿದ, ಅಶ್ವಥ ಕೊಸರಿಕೊಂಡು ಮುಂದೆ ನಡೆದ. ಮನೆಯೊಳಗೂ ಬರದೆ ಅಂಗಳದಲ್ಲಿದ್ದ ಬೈಕು ಹತ್ತಿ ಚನ್ನಪಟ್ಟಣಕ್ಕೆ ಹೋದ. ಸ್ಪರ್ಧೆ ಮುಗಿಯುವವರೆಗೆ ಜಿಮ್ಮಿನ ಹುಡುಗರ ರೂಮಿನಲ್ಲೇ ಇರುವುದಾಗಿ ತಾಯಿಗೆ ಫೋನು ಮಾಡಿದ. ಶನಿವಾರ ಆಸ್ಪತ್ರೆಗೆ ನೇರ ಬರುತ್ತೇನೆ ಅಂದ. ಬರುತ್ತಾನೋ ಇಲ್ಲವೋ ಯಾರಿಗೆ ಗೊತ್ತು?

ಆ ದಿನಗಳು ನಾಗರಾಜುವಿಗೆ ಕಾಲಿನ ಕೆಳಗೆ ಕೆಂಡ ಇದ್ದ ಹಾಗೆ ಕಳೆದವು. ಗೂಡು ಬಿಡಿಸುತ್ತಿದ್ದವನು ಎದ್ದು ರಸ್ತೆಗೆ ಬರುವನು. ಫೋನು ಮಾಡುವನು. ಅಶ್ವಥ ಎತ್ತಿದರೆ, "ನೀರ್ ಕುಡುದ್ಯೇನ್ಲಾ?" ಎತ್ತದಿದ್ದರೆ ಫೋನಿಗೇ ಬೈಯುವನು. ಜಿಮ್ಮಿನ ಬಾಗಿಲವರೆಗೂ ಒಂದು ಸಲ ಹೋದ. ಒಳಗೆ ನುಗ್ಗಿ ಎಲ್ಲರನ್ನೂ ಒದ್ದು ಮಗನನ್ನು ಎಳೆದು ತರಬೇಕೆಂದೇ ಹೋಗಿದ್ದ. ಕನ್ನಡಿಗಳ ಮುಂದೆ ಎಷ್ಟೊಂದು ಹುಡುಗರು, ಎಲ್ಲರ ಮುಖವೂ ಅದೇ ಕೆಂಪು. ಎಳೆದು ತಂದರೆ ನಾಳೆ ಮತ್ತೆ ಓಡಿಬರುತ್ತಾನೆ. ಹಾಗೇ ತಿರುಗಿ ಬಂದ.

ಶುಕ್ರವಾರ ಸಂಜೆ ಟೀ ಅಂಗಡಿಯಲ್ಲಿ ಯಾರೋ ಕೇಳಿದರು, "ಏನ್ ನಾಗರಾಜಣ್ಣ, ಭಾನ್ವಾರ ನಿಮ್ ಮಗ ಕಪ್ಪು ಹೊಡೀತಾನಂತೆ? ರಕ್ತ ಜಾಸ್ತಿ ಇರೋ ಗಂಡು!" ಎಲ್ಲರೂ ನಕ್ಕರು. ಅದು ಹೊಗಳಿಕೆಯ ನಗು. ನಾಗರಾಜು ಟೀ ಲೋಟ ಕುಕ್ಕಿದ. ಆಮೇಲೆ ಅವನು ಹೇಳಿದ್ದು ಅರ್ಧ ಊರಿಗೆ ಕೇಳಿಸಿತು.

ಶನಿವಾರ ಬೆಳಿಗ್ಗೆಯೇ ಅವನು ರಾಮನಗರದ ಆಸ್ಪತ್ರೆಯ ಗೇಟಿನಲ್ಲಿ ನಿಂತ. ಹೇಳಿದ ಹೊತ್ತು ಮೀರಿತು. ಬಿಸಿಲು ಏರಿತು. ಪ್ರತಿ ಬೈಕಿಗೂ ಕತ್ತು ಉದ್ದ ಮಾಡುವನು. ಆಂಬುಲೆನ್ಸ್ ಒಂದು ಕೂಗುತ್ತ ಬಂದಾಗ ಅದರ ಹಿಂದೆಯೇ ಓಡಿದ. ಇಳಿಸಿದ್ದು ಯಾರೋ ಮುದುಕಿಯನ್ನು. ನಾಗರಾಜು ಆ ಮುದುಕಿಗೆ ಕೈ ಮುಗಿಯುವುದೊಂದು ಬಾಕಿ.

ಕೊನೆಗೆ ಅಶ್ವಥ ಬಂದ. ಬೈಕು ನಿಲ್ಲಿಸುವಾಗ ಕಾಲು ತಡವರಿಸಿತು. ಕೆನ್ನೆ ಒಳಗೆ ಹೋಗಿ ಕತ್ತಿನ ನರಗಳು ಹುರಿಹಗ್ಗದಂತೆ ಎದ್ದಿದ್ದವು. ತುಟಿ ಬಿರಿದಿತ್ತು. ನೀರು ಬಿಟ್ಟಿದ್ದಾನೆ ಎಂದು ಕೇಳಬೇಕಿರಲಿಲ್ಲ.

ನಾಗರಾಜು ಗೇಟಿನ ಪಕ್ಕದ ಎಳನೀರಿನವನ ಮೇಲೆ ರೇಗಿದ. "ಏಯ್, ಏನ್ ನೋಡ್ತಾ ಕುಂತಿದ್ದೀಯ? ನೀರು ತುಂಬ್ಕಂಡಿರೋದು ನೋಡಿ ಕೆತ್ತು ಒಂದು!" ಕೆತ್ತಿದ್ದನ್ನು ಮಗನ ಎದೆಗೆ ಒತ್ತಿದ. "ಕುಡಿ."

"ನಾಳೆ ಒಂದ್ ದಿನ ಅಪ್ಪ. ಇವತ್ತು ಕುಡುದ್ರೆ ಎಲ್ಲಾ ವೇಸ್ಟು. ರಕ್ತ ತೆಗ್ಸಕಂತೀನಿ, ಬಂದಿಲ್ವಾ? ನೀರೊಂದ್ ಬ್ಯಾಡ."

"ನಿನ್ನೆ ಟೀ ಅಂಗಡೀಲಿ ಹೇಳ್ಬುಟ್ಟೆ."

"ಏನ್ ಹೇಳ್ದೆ?"

"ಎಲ್ಲಾನೂ. ನನ್ ಮಗ ಇಂಜೆಕ್ಷನ್ ಚುಚ್ಕಂಡು ಮೈ ಬರ್ಸಿರೋದು ಅಂತ. ರಕ್ತ ಜಾಸ್ತಿ ಅಂದ್ರೆ ಕಾಯ್ಲೆ, ನಾನು ಬೇಕೂಫ, ಗೊತ್ತಿಲ್ದೆ ಮೆರೀತಿದ್ದೆ ಅಂತ. ನಾಳೆ ನೀ ಕಪ್ಪು ತಂದ್ರೂ ಊರಲ್ಲಿ ಯಾರೂ ಶಿಳ್ಳೆ ಹೊಡಿಯಲ್ಲ."

"ನನ್ ಮಾನ ಕಳುದ್ಯಲ್ಲಪ್ಪಾ."

"ಕಳುದೆ. ನಂದೂ ಕಳ್ಕಂಡೆ. ಮಾನ ಇಲ್ದಿರೋ ಮಗ ಇರ್ಲಿ ನಂಗೆ. ಕಡ್ಡಿ ಆಗಾದ್ರೂ ಇರ್ಲಿ."

ಅಶ್ವಥ ಬೈಕಿನ ಕಡೆ ಹೋದ. ಚಾವಿ ಹಾಕಿದ. ತಿರುಗಿಸಲಿಲ್ಲ. ಹ್ಯಾಂಡಲ್ ಮೇಲೆ ಗುದ್ದಿದ, ಒಂದು ಕೆಟ್ಟ ಮಾತು ಬೈದ. ಅದು ಅಪ್ಪನಿಗೋ ಜಿಮ್ಮಿಗೋ ತನಗೋ ತಿಳಿಯಲಿಲ್ಲ. ರಸ್ತೆಯ ಆಚೆ ಗೋಡೆಯ ಮೇಲೆ ನಾಳೆಯ ಸ್ಪರ್ಧೆಯ ಪೋಸ್ಟರ್ ಅಂಟಿಸಿದ್ದರು. ಅದನ್ನು ನೋಡಿದ. ನಾಗರಾಜು ಎಳನೀರನ್ನು ಎರಡೂ ಕೈಯಲ್ಲಿ ಮುಂದೆ ಚಾಚಿ ಹಿಡಿದುಕೊಂಡೇ ನಿಂತಿದ್ದ. ಹುಟ್ಟಿದಾಗಿನಿಂದ ಅಪ್ಪ ಯಾರ ಮುಂದೆಯೂ ಹೀಗೆ ಕೈ ಚಾಚಿ ನಿಂತದ್ದನ್ನು ಅಶ್ವಥ ಕಂಡವನಲ್ಲ.

ದಡಬಡ ಬಂದು ಎಳನೀರು ಕಿತ್ತುಕೊಂಡ. ಅಪ್ಪನನ್ನು ದುರುಗುಟ್ಟಿ ನೋಡುತ್ತಲೇ ಎತ್ತಿ ಗಟಗಟ ಕುಡಿದ. ಅರ್ಧ ಗದ್ದದ ಮೇಲೆ, ಎದೆಯ ಮೇಲೆ ಚೆಲ್ಲಿತು. ಉಸಿರು ಬಿಡದೆ ಕುಡಿದ. ಮುಗಿದ ಮೇಲೆ ಬುರುಡೆ ಕೆಳಗೆ ಬಿಸಾಡಿ, ಕಣ್ಣು ಒರೆಸಿಕೊಳ್ಳದೆ ಅಲ್ಲೇ ಕುಕ್ಕರುಗಾಲಲ್ಲಿ ಕೂತ.

"ಇನ್ನೊಂದ್ ಕೆತ್ತು," ಅಂದ ನಾಗರಾಜು.

ಎಳನೀರಿನವನು ಬಿದ್ದಿದ್ದ ಬುರುಡೆ ಎತ್ತಿ ಅಲ್ಲಾಡಿಸಿ ನೋಡಿದ. "ಗಂಜಿ ಐತೆ ಯಜಮಾನ್ರೇ. ಒಡೀಲಾ?"

"ಗಂಜಿ ಆಮೇಲೆ. ಮೊದ್ಲು ನೀರು, ನೀರು ಕೊಡಯ್ಯ!"